ಹಳೆ ಕಂಪ್ಯೂಟರಿಗೆ ಮಾತು ಕಲಿಸಹೋಗಿ

ಬೆಳಗಾವಿಗೆ ಹೋಗಲು ನನಗೊಂದು ಸುಳ್ಳು ಬೇಕಾಗಿತ್ತು. ಮನೆಯ ಹಳೆ ಕಂಪ್ಯೂಟರ್ ಅದನ್ನು ಒದಗಿಸಿತು. "ರ‍್ಯಾಮ್ ತರಬೇಕಾಗೇತಿ, ಇಷ್ಟು ಹಳೇದು ಬೈಲಹೊಂಗಲದಾಗ ಸಿಗೂದಿಲ್ಲ" ಎಂದು ಹೆಂಡತಿಗೆ ಹೇಳಿ ನೇಸರಗಿ ಮೇಲೆ ಹೋಗುವ ಬಸ್ಸು ಹತ್ತಿದೆ. ಹೋದದ್ದು ಕಣ್ಣಿನ ಆಸ್ಪತ್ರೆಗೆ. ಅಲ್ಲಿ ಬಿಳಿ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿರಿ ಅಂದರು. ನಾನು ಬಲು ಶ್ರದ್ಧೆಯಿಂದ ಕಾಯುತ್ತ ಕುಳಿತೆ. ಎಷ್ಟೋ ಹೊತ್ತು ಚುಕ್ಕಿಯೇ ಬರಲಿಲ್ಲ. ಇದರ ಬಲ್ಬು ಸುಟ್ಟಿದೆಯೇನೋ ಎಂದು ಯಂತ್ರ ನಡೆಸುತ್ತಿದ್ದ ಹುಡುಗಿಯನ್ನು ಕೇಳಿಯೂ ಬಿಟ್ಟೆ. ಯಂತ್ರ ಸರಿಯಾಗಿಯೇ ಇತ್ತು.

ಡಾಕ್ಟರು ಹೇಳಿದ್ದನ್ನು ಚುಟುಕಾಗಿ ಹೇಳುತ್ತೇನೆ. ಒಳಗಿನ ಒತ್ತಡ ಏರಿ ಕಣ್ಣಿನ ನರ ಒಣಗುತ್ತ ಬಂದಿದೆ. ಬಲಗಣ್ಣು ಹೆಚ್ಚೂಕಡಿಮೆ ಹೋಗಿದೆ, ಎಡಗಣ್ಣಿನಲ್ಲಿ ಮೂಗಿನ ಬದಿಯ ನೋಟ ಸವೆದಿದೆ. ಹೋದದ್ದು ಮರಳುವುದಿಲ್ಲ. ಉಳಿದದ್ದನ್ನು ದಿನಾ ಹನಿ ಹಾಕಿಕೊಂಡು ಕಾಯಬೇಕು, ಎಷ್ಟು ಕಾಲ ಕಾಯಲಾದೀತು ಎಂಬುದಕ್ಕೆ ಖಾತ್ರಿ ಇಲ್ಲ. ಈ ರೋಗದಲ್ಲಿ ಕಪ್ಪು ಕಾಣುವುದಿಲ್ಲ. ಬಲಗಡೆಯಲ್ಲಿ ಏನೂ ಇಲ್ಲ ಅನ್ನಿಸುತ್ತದೆ, ಅಷ್ಟೇ. "ಮುಂದಿನ ಸಲ ಮನೀಯವರನ್ನ ಕರಕೊಂಡ ಬರ್ರಿ" ಅಂದರು ಡಾಕ್ಟರು. ಹೂಂ ಎಂದು ಹೊರಬಿದ್ದೆ. ಹೇಳಿಬಂದ ಸುಳ್ಳಿಗೆ ಸಾಕ್ಷಿ ಬೇಕಲ್ಲ, ಒಂದು ಅಂಗಡಿ ಹೊಕ್ಕು ನಿಜವಾಗಿಯೂ ರ‍್ಯಾಮ್ ಕೊಂಡೆ.

"ನನ್ನ ಸವತಿಗೆ ಏನ ತಂದ್ರಿ?" ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. ಆ ಕಂಪ್ಯೂಟರಿಗೆ ಅವಳಿಟ್ಟ ಹೆಸರು ಅದು. ಕಿರುಬೆರಳಿನಷ್ಟು ಉದ್ದದ ಹಸಿರು ಪಟ್ಟಿ ತೋರಿಸಿದೆ. ಇಷ್ಟಕ್ಕಾ ಇಷ್ಟು ದೂರ ಹೋದದ್ದು ಎಂಬಂತೆ ನೋಡಿ ಒಳಗೆ ಹೋದಳು.

ಅವಳಿಗೆ ಹೇಳಬಹುದಿತ್ತು. ಹೇಳದೆ ಇರಲು ಕಾರಣ ಅವಳ ಅಪ್ಪ. ಮಾವನವರು ರಾಮದುರ್ಗದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಾನು ಅಳಿಯನಾಗುವ ಹೊತ್ತಿಗೆ ಅವರಿಗೆ ಪೂರಾ ಕಣ್ಣು ಹೋಗಿತ್ತು. ಇವಳು ಫ್ರಾಕು ಹಾಕುವ ವಯಸ್ಸಿನಿಂದ ಮದುವೆಯಾಗುವವರೆಗೆ ಅವರ ಕೈ ಹಿಡಿದು ನಡೆಸಿದವಳು, ಶಾಲೆಗೆ, ಪೇಟೆಗೆ, ಮಠಕ್ಕೆ, ಸಂಡಾಸಿಗೆ ಕೂಡ. ಓದು ಅರ್ಧಕ್ಕೆ ನಿಂತದ್ದೂ ಅದಕ್ಕೇ ಎಂದು ಅವಳ ಚಿಕ್ಕಮ್ಮ ನನಗೆ ಹೇಳಿದ್ದರು. ಅವಳು ಮಾತ್ರ ಆ ದಿನಗಳ ಸುದ್ದಿ ಎಂದೂ ಎತ್ತಿದವಳಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಮಗು ಕುರುಡರನ್ನು ಕರೆದುಕೊಂಡು ಬಂದರೆ ಮುಖ ಆ ಕಡೆ ತಿರುಗಿಸಿ ಕೂರುತ್ತಾಳೆ. ನೋಡಿದ್ದೇನೆ. ಅಂಥವಳಿಗೆ ಮುಪ್ಪಿನ ಕಾಲಕ್ಕೆ ಮತ್ತೊಬ್ಬ ಕುರುಡನನ್ನು ಕಟ್ಟುವುದು ಹೇಗೆ? ಕಣ್ಣು ಪೂರ್ತಿ ಹೋಗುವ ಮೊದಲು ನನ್ನ ಕೆಲಸ ನಾನೇ ಮಾಡಿಕೊಳ್ಳುವ ಹಾಗಾಗಬೇಕು, ಆಮೇಲೆ ಹೇಳಿದರೆ ಆಯಿತು ಎಂದು ಲೆಕ್ಕ ಹಾಕಿದೆ.

ನನ್ನ ಕೆಲಸವೆಂದರೆ ಟೈಪಿಂಗು. ಇಲ್ಲಿಯ ಕೋರ್ಟಿನ ಎದುರು ಒಬ್ಬ ವಕೀಲರ ಬಳಿ ಇಡೀ ಆಯುಷ್ಯ ಟೈಪಿಸ್ಟ್ ಆಗಿದ್ದವನು ನಾನು. ಅವರು ಆಫೀಸು ಮುಚ್ಚಿದಾಗ ಕಂಪ್ಯೂಟರನ್ನು ನನಗೇ ಕೊಟ್ಟರು. ಈಗಲೂ ಜನ ಅರ್ಜಿ, ಕರಾರುಪತ್ರ ಮಾಡಿಸಲು ಮನೆಗೆ ಬರುತ್ತಾರೆ. ಬೆರಳುಗಳಿಗೆ ಕೀಲಿಗಳು ಗೊತ್ತು, ಕಣ್ಣು ಬೇಡ. ಆದರೆ ಟೈಪಾದದ್ದನ್ನು ಓದಿ ನೋಡಲು ಬೇಕಲ್ಲ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇದೆ, ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬುದನ್ನು ಹಾಕಿಕೊಂಡರೆ ಪುಕ್ಕಟೆ ಬರುತ್ತದೆ, ಕನ್ನಡವನ್ನೂ ಓದುತ್ತದೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಒಬ್ಬರು ಹೇಳಿದ್ದರು. ಫೋನು ಕೂಡ ಓದುತ್ತದೆ, ಗೊತ್ತು. ಆದರೆ ಆ ಗಾಜಿನ ಮೇಲೆ ಬೆರಳಿಗೆ ಹಿಡಿತವೇ ಸಿಗುವುದಿಲ್ಲ, ಸಿಟ್ಟು ಬರುತ್ತದೆ. ಹೊಸ ಕಂಪ್ಯೂಟರ್ ತಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹಳೆಯದನ್ನು ಬಿಚ್ಚಿ ಕಟ್ಟಿ ಮಾಡುವುದು ಮಾತ್ರ ನನ್ನ ಹಳೇ ಚಟ, ಯಾರಿಗೂ ಸಂಶಯ ಬರುವಂತಿರಲಿಲ್ಲ. ಔಷಧದ ಬಾಟಲಿಯನ್ನೂ ಕಂಪ್ಯೂಟರ್ ಟೇಬಲ್ಲಿನ ಡ್ರಾದಲ್ಲಿ ಸ್ಕ್ರೂ, ವೈರುಗಳ ಹಿಂದೆ ಇಟ್ಟುಕೊಂಡೆ.

ಹಳೆ ಯಂತ್ರಗಳಿಗೆಂದೇ ಹಗುರವಾದ ಲಿನಕ್ಸ್ ಇರುತ್ತದೆ. ಫೋನಿನ ನೆಟ್ಟಿನಿಂದ ಅದನ್ನು ಇಳಿಸಿ ಪೆನ್ ಡ್ರೈವಿಗೆ ಹಾಕಿದೆ. ಕಂಪ್ಯೂಟರ್ ಅದನ್ನು ಮೂಸಿಯೂ ನೋಡಲಿಲ್ಲ. ಅದರ ಕಾಲದಲ್ಲಿ ಪೆನ್ ಡ್ರೈವಿನಿಂದ ಚಾಲೂ ಆಗುವ ರೂಢಿ ಇರಲಿಲ್ಲವೋ ಏನೋ. ಕೊನೆಗೆ ಸಿಡಿಗೆ ಬರೆಸಿ ಹಾಕಿದಾಗ ಗರಗರ ಸದ್ದು ಮಾಡಿ ಎದ್ದಿತು. ಮೊದಲಿದ್ದ ಸಾಫ್ಟ್‌ವೇರ್ ಚಾಲೂ ಆಗುವುದರೊಳಗೆ ನನ್ನ ಸ್ನಾನ ಮುಗಿಯುತ್ತಿತ್ತು, ಇದು ಮುಖ ತೊಳೆದು ಬರುವುದರೊಳಗೆ ತಯಾರಾಗಿ ಕೂರುತ್ತಿತ್ತು. ನನಗೆ ಭಾಳ ಖುಷಿಯಾಯಿತು. ಕನ್ನಡ ಕೀಲಿಮಣೆ ಹುಡುಕಿದೆ, ಬೆರಳಿಗೆ ರೂಢಿಯಾದ ಜೋಡಣೆಯೇ ಇತ್ತು. ಕೋರ್ಟಿನ ಅರ್ಜಿಯ ಮೊದಲ ಸಾಲನ್ನು ಟೈಪಿಸಿ ನೋಡಿದೆ, ಒಂದು ಒತ್ತಕ್ಷರವೂ ತಪ್ಪಲಿಲ್ಲ. ಇನ್ನು ಓದಿ ಹೇಳುವ ಸಾಫ್ಟ್‌ವೇರ್ ಚಾಲೂ ಮಾಡಿದರೆ ಮುಗಿಯಿತು ಅಂದುಕೊಂಡೆ.

ಚಾಲೂ ಮಾಡಿದೆ. ದನಿ ಇಲ್ಲ.

ಅಲ್ಲಿಂದ ನನ್ನ ಹಣೆಬರಹ ಶುರುವಾಯಿತು. ಸ್ಪೀಕರಿನ ವೈರು ಬಿಡಿಸಿ ಫೋನಿಗೆ ಚುಚ್ಚಿದೆ, ಹಾಡು ಬಂತು. ಮತ್ತೆ ಕಂಪ್ಯೂಟರಿಗೆ ಚುಚ್ಚಿದೆ, ಮೌನ. ಡಬ್ಬಿ ಬಿಚ್ಚಿ ಬ್ರಶ್ಶಿನಿಂದ ಧೂಳು ತೆಗೆದೆ. ಇಂಟರ್ನೆಟ್ಟಿನಲ್ಲಿ ಯಾರು ಯಾರೋ ಬರೆದ ಉಪಾಯಗಳನ್ನೆಲ್ಲ ಆಜ್ಞೆ ಬರೆಯುವ ಕಪ್ಪು ಪರದೆಯ ಮೇಲೆ ಅಕ್ಷರ ಬಿಡದೆ ಟೈಪಿಸಿದೆ. ದನಿಯ ಚಿಪ್ ನನಗೆ ಗೊತ್ತಾಗಿದೆ, ದನಿ ಹೋಗುತ್ತಲೂ ಇದೆ ಎಂದು ಕಂಪ್ಯೂಟರ್ ಬರೆದು ತೋರಿಸುತ್ತಿತ್ತು. ಹೋಗುತ್ತಿದ್ದರೆ ಎಲ್ಲಿಗೆ ಹೋಗುತ್ತಿದೆ, ಸವದತ್ತಿಗೇ? ಅದಕ್ಕೆ ಬೈದೆ, ಟೇಬಲ್ ಗುದ್ದಿದೆ. ನಡುವೆ ಎರಡನೆಯ ಸಲ ಆಸ್ಪತ್ರೆಗೆ ಹೋಗಬೇಕಾದಾಗ, ಕಂಪ್ಯೂಟರಿನ ಒಳಗಿನ ಗಡಿಯಾರ ನಿಂತಿದೆ, ಗುಂಡು ಸೆಲ್ ತರಬೇಕು ಅಂದೆ. "ಸೆಲ್ ತರಾಕ ಬೆಳಗಾವಿಗ್ಯಾಕ ಹೋಗಬೇಕು? ಇಲ್ಲೇ ಗಡಿಯಾರದ ಅಂಗಡ್ಯಾಗ ಸಿಗತಾವು" ಅಂದಳು. ಆ ನಮೂನಿ ಬೇರೆ ಎಂದು ಹೇಳಿ ತಪ್ಪಿಸಿಕೊಂಡೆ. ಡಾಕ್ಟರು ಈ ಸಲ ಹನಿಯನ್ನು ಬದಲಿಸಿದರು. ಒತ್ತಡ ಇಳಿದಿಲ್ಲ ಎಂದು ಅವರು ಹೇಳಿದಾಗ ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ಬಸ್ಸಿನಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಎದುರಿನ ಸೀಟಿನವರ ತಲೆಗಳನ್ನು ನೋಡುತ್ತ ಬಂದೆ.

ಅದೇ ದಿನಗಳಲ್ಲಿ ಸವದತ್ತಿಯಲ್ಲಿ ಬಳಗದವರ ಮನೆಯಲ್ಲಿ ಬಸುರಿ ಸೊಸೆಗೆ ಕುಬಸದ ಕಾರ್ಯಕ್ರಮವಿತ್ತು. ಊಟಕ್ಕೆ ಕುಳಿತಾಗ ಹೆಂಡತಿಯ ತಮ್ಮ ಬಲಗಡೆಯಿಂದ ಬಂದು ಹೋಳಿಗೆ ಬಡಿಸಲು ನಿಂತಿದ್ದನಂತೆ. ಎರಡು ಸಲ ಕರೆದನಂತೆ. ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ, ಕಾಣುವ ಮಾತಂತೂ ಇಲ್ಲ. ನಾನು ಅನ್ನ ಕಲಸುತ್ತಲೇ ಇದ್ದೆ. "ಮಾಮಾಗ ಭಾಳ ಸೊಕ್ಕು ಬಂದೈತಿ" ಎಂದು ಅವನು ಎಲ್ಲರೆದುರೇ ಅಂದ. "ಸೊಕ್ಕಲ್ಲೋ, ಅವರ ತಲ್ಯಾಗ ಆ ಕಂಪ್ಯೂಟರ್ ಹೊಕ್ಕೈತಿ" ಎಂದು ಹೆಂಡತಿ ನಕ್ಕು ಮುಚ್ಚಿಹಾಕಿದಳು. ನಾನೂ ನಕ್ಕೆ.

ಅದಾದ ಮೇಲೆ ಹಟ ಹೆಚ್ಚಾಯಿತು. ಮನೆಯಲ್ಲಿ ಬಾಗಿಲ ಚೌಕಟ್ಟು ಭುಜಕ್ಕೆ ತಾಗುತ್ತಿತ್ತು, ಬಲಗಡೆ ಇಟ್ಟ ನೀರಿನ ತಂಬಿಗೆ ಉರುಳುತ್ತಿತ್ತು, ನಾನು ಪ್ರತಿ ಸಲವೂ ಇಟ್ಟವರ ಮೇಲೆ ಹರಿಹಾಯುತ್ತಿದ್ದೆ. ಇಟ್ಟವಳು ಒಬ್ಬಳೇ. ಅವಳು ತಿರುಗಿ ಅನ್ನದಿದ್ದಾಗ ಇನ್ನಷ್ಟು ಕಸಿವಿಸಿಯಾಗುತ್ತಿತ್ತು. ಕಂಪ್ಯೂಟರ್ ಒಂದು ಮಾತಾಡಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂಬ ಹುಚ್ಚು ತಲೆಗೆ ಹತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಬಂದ ಕೂಡಲೇ ಮತ್ತೆ ಕುಳಿತಿದ್ದೆ. ಪಕ್ಕದ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್ ಓಡುತ್ತಿತ್ತು, ಅವಳು ಓಣಿಯವರ ಜಂಪರು ಹೊಲಿದುಕೊಡುತ್ತಾಳೆ. "ಅಲ್ಲಿ ನನ್ನ ಟೇಪ್ ಐತೇನ್ರಿ?" ಎಂದು ಕೂಗಿದಳು. ಟೇಬಲ್ಲಿನ ಮೇಲೆ ನೋಡಿ ಇಲ್ಲ ಅಂದೆ. ಮಷಿನ್ ನಿಂತಿತು. ನಾನು ಹಿಂದಿನ ದಿನದ ಉಪಾಯವನ್ನೇ ಇನ್ನೊಮ್ಮೆ ಟೈಪಿಸಿ, ಸ್ಪೀಕರಿಗೆ ಕಿವಿ ಹಚ್ಚಿ, ಏನೂ ಕೇಳದೆ, ಕೋರ್ಟಿನ ಆವರಣದಲ್ಲಿ ಕಲಿತ ಒಂದು ಬೈಗುಳ ಬೈದೆ.

"ಟೇಪ್ ಇಲ್ಲೇ ಐತೆಲ್ಲಾ, ನಿಮ್ಮ ಮೊಣಕೈ ಬಾಜೂಕ." ಅವಳ ದನಿ ಕಿವಿಯ ಹತ್ತಿರವೇ ಬಂತು. ಬೆಚ್ಚಿಬಿದ್ದೆ. ಬಲಗಡೆ ಬಂದು ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಾಗಿರಲಿಲ್ಲ.

"ಮತ್ತ ಆ ಕೆಂಪು ಗೆರಿ ಯಾತರದು?" ಅಂದಳು.

"ಯಾವ ಗೆರಿ?"

"ಅಲ್ಲಿ, ಕೆಳಗ. ಸ್ಪೀಕರಿನ ಚಿತ್ರ ಐತಿ, ಅದರ ಮ್ಯಾಲೆ ಕೆಂಪು ಕಾಟು ಹೊಡದಾರ."

ಪರದೆ ನೋಡಿದೆ. ಚಿತ್ರವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ನಿನಗೇನು ತಿಳಿಯುತ್ತದೆ, ಅಲ್ಲೇನೂ ಇಲ್ಲ ಎಂದು ರೇಗಿದೆ. ಅವಳು ರೇಗಲಿಲ್ಲ. "ಬಲಕ್ಕ. ಇನ್ನಷ್ಟ ಬಲಕ್ಕ. ಮೂಲ್ಯಾಗ" ಎನ್ನುತ್ತ ಹೋದಳು. ನಾನು ಮೌಸ್ ಸರಿಸುತ್ತ ಹೋದೆ, ಬಾಣದ ಗುರುತು ಒಂದು ಕಡೆ ನನಗೆ ಕಾಣದಂತಾಯಿತು. ಆಗ ಅವಳು ನನ್ನ ಕೈ ಮೇಲೆ ಕೈ ಇಟ್ಟು ಮೌಸನ್ನು ತಾನೇ ಒಯ್ದು ಒತ್ತಿದಳು.

"ಧ್ವನಿ. ಗುಂಡಿ. ಒತ್ತಲಾಗಿದೆ." ಕಂಪ್ಯೂಟರ್ ಗಟ್ಟಿಯಾಗಿ ಮಾತಾಡಿತು. ಏರಿಳಿತವಿಲ್ಲದ ದನಿ, ಆದರೆ ಕನ್ನಡ. ಇಷ್ಟು ದಿನವೂ ಅದರ ಬಾಯಿ ಕಟ್ಟಿತ್ತು, ಕಟ್ಟಿದ್ದನ್ನು ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ತೋರಿಸುತ್ತಲೂ ಇತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಬಂತು ನೋಡು" ಎಂದು ಪೂರ್ತಿ ಅವಳ ಕಡೆಗೆ ತಿರುಗಿದೆ.

ಅವಳು ಪರದೆ ನೋಡುತ್ತಿರಲಿಲ್ಲ. ಅವಳ ಬಲಗೈ ನನ್ನ ಕೆನ್ನೆಯ ಪಕ್ಕದಲ್ಲಿ ಗಾಳಿಯಲ್ಲಿತ್ತು, ಬೆರಳುಗಳನ್ನು ಅಲ್ಲಾಡಿಸುತ್ತ ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ತಿರುಗಿದ ಮೇಲಷ್ಟೇ ಅವು ನನಗೆ ಕಂಡವು. ಕೈ ಇಳಿಸಿದಳು. ಹಿಂದೆ ಕಂಪ್ಯೂಟರ್ ತನ್ನ ಪಾಡಿಗೆ ತಾನು ಪರದೆಯ ಮೇಲಿದ್ದ ಕಡತಗಳ ಹೆಸರನ್ನು ಒಂದೊಂದಾಗಿ ಓದುತ್ತಿತ್ತು.

"ಬಂದ್ ಮಾಡ್ರಿ ಅದನ್ನ" ಅಂದಳು. "ಅದು ಮಾತಾಡೂದು ಸಾಕು. ನೀವು ಹೇಳ್ರಿ."

ಬಂದ್ ಮಾಡಿದೆ. ಹೇಳಿದೆ. ಬಿಳಿ ಬೋಗುಣಿಯ ಯಂತ್ರ, ಒಣಗಿದ ನರ, ಡ್ರಾದೊಳಗಿನ ಹನಿ, ರ‍್ಯಾಮ್ ನೆವ, ಸೆಲ್ ನೆವ, ಎಲ್ಲ. ನೀನು ಅಪ್ಪನಿಗೆ ಮಾಡಿ ಮಾಡಿ ಬೇಸತ್ತಿದ್ದೀ, ಮತ್ತೆ ಅದೇ ನಿನ್ನ ಹಣೆಗೆ ಬರಬಾರದು ಎಂದು ಸುಮ್ಮನಿದ್ದೆ ಅಂದೆ. ಈ ಮಾತಿಗೆ ಅವಳು ಕರಗುತ್ತಾಳೆ ಅಂದುಕೊಂಡಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

"ಬ್ಯಾಸತ್ತಿದ್ದೆ ಅಂತ ಯಾರ ಹೇಳಿದ್ರು ನಿಮಗ?" ಅಂದಳು. ದನಿ ಏರಿಸಲಿಲ್ಲ. "ಅಪ್ಪನ ಕೈ ಹಿಡದ ನಡಸಾಕ ನನಗ ಎಂದೂ ಬ್ಯಾಸರಾಗಿಲ್ಲ. ಅಂವ ಊರ ಮಂದಿಗೆಲ್ಲಾ ಕಾಣತೈತಿ ಕಾಣತೈತಿ ಅಂತ ಸುಳ್ಳು ಹೇಳಿದ. ನೌಕರಿ ಹೋಗತೈತಿ ಅಂತ ಅಂಜಿ ಅವ್ವಗೂ ಹೇಳಲಿಲ್ಲ. ಹಾದ್ಯಾಗ ಗಂಡಸರು ಬಂದ್ರ ನಾ ಅವನ ಕೈ ಒಮ್ಮೆ ಚಿವುಟಬೇಕು, ಹೆಣ್ಮಕ್ಕಳು ಬಂದ್ರ ಎರಡ ಸಲ. ಅದರ ಮ್ಯಾಲೆ ಅಂವ ನಮಸ್ಕಾರ ಮಾಡತಿದ್ದ. ಸಾಲ್ಯಾಗ ಪಾಠ ಬಾಯಿಪಾಠ ಮಾಡಿ, ಪುಸ್ತಕ ನೋಡಿದಂಗ ಮಾಡತಿದ್ದ. ಒಂದ ದಿನಾ ಪುಸ್ತಕ ಉಲ್ಟಾ ಹಿಡದಿದ್ದ. ಹುಡುಗೂರೆಲ್ಲಾ ನಕ್ಕರು. ಅದ ಕ್ಲಾಸಿನ್ಯಾಗ ನಾನೂ ಕುಂತಿದ್ದೆ."

ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ನಾ ಅಂಜೂದು ಕುರುಡತನಕ್ಕಲ್ಲ. ನೀವು ಅದ ಸುಳ್ಳ ತಂದು ನನ್ನ ಮನ್ಯಾಗ ಇಟ್ರಿ."

ಅಷ್ಟು ಹೇಳಿ ಒಳಗೆ ಹೋದಳು. ಮಷಿನ್ ಮತ್ತೆ ಶುರುವಾಗಲಿಲ್ಲ. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು, ಅವಳು ಜೀವಮಾನವಿಡೀ ಯಾವುದಕ್ಕೆ ಹೆದರಿದ್ದಳೋ ಅದನ್ನೇ ಮಾಡಿದ್ದೆ.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತಾಡಿದ್ದು ಆ ಕಂಪ್ಯೂಟರ್ ಒಂದೇ. ಅರ್ಜಿ ಟೈಪಿಸಿದರೆ ಓದುತ್ತಿತ್ತು, ತಪ್ಪಿದ್ದರೆ ತಪ್ಪನ್ನೇ ಓದುತ್ತಿತ್ತು. ನನ್ನ ದುಡಿಮೆ ಫಲಿಸಿತ್ತು, ನನಗೆ ಅದರ ದನಿ ಕೇಳಿದರೆ ಆಗುತ್ತಿರಲಿಲ್ಲ. ಅವಳು ತಾಟು ಮುಂದಿಡುತ್ತಿದ್ದಳು, ಡ್ರಾದಲ್ಲಿದ್ದ ಔಷಧದ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೆ ಬಂದಿತ್ತು, ಮಾತು ಮಾತ್ರ ಇರಲಿಲ್ಲ. ಕ್ಷಮಿಸು ಎಂದು ಒಂದು ಸಲ ಅಂದೆ. ಅವಳು ತಾಟು ಎತ್ತಿಕೊಂಡು ಒಳಗೆ ಹೋದಳು.

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅವಳೂ ಹೊರಗಿನ ಸೀರೆ ಉಟ್ಟು ಬಂದಳು, ಬಾಗಿಲಿಗೆ ಕೀಲಿ ಹಾಕಿದಳು. ನಾನು ಕರೆದಿರಲಿಲ್ಲ, ಬರಬೇಡ ಅನ್ನುವ ಧೈರ್ಯವೂ ಇರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಒಬ್ಬರಿಗೊಬ್ಬರು ತಾಗದಷ್ಟು ದೂರದಲ್ಲಿ ನಡೆದೆವು. ಅಲ್ಲಿ ಹತ್ತಿಯ ಅಂಡಿಗೆ ಹೇರಿದ ಲಾರಿ, ಸಂಗೊಳ್ಳಿಯ ಕಾಲೇಜು ಹುಡುಗರು, ಎಲ್ಲ ಸದ್ದು ಒಟ್ಟಿಗೆ ಇತ್ತು.

"ಬಸ್ ಬಂತು" ಅಂದಳು. ಅಷ್ಟು ದಿನಗಳ ಮೇಲೆ ಅವಳಾಡಿದ ಮೊದಲ ಮಾತು.

ನನಗೆ ಎದುರಿಗೆ ಯಾವ ಬಸ್ಸೂ ಕಾಣಲಿಲ್ಲ. ಕಾಣತೈತಿ ಅನ್ನಲು ಬಾಯಿ ತೆರೆದಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ಲೈತಿ?" ಎಂದು ಕೇಳಿದೆ.