ದಫೇದಾರ್ ಎಲ್ಲಪ್ಪನವರ ಮೂರು ಮೊಳ

ದಫೇದಾರ್ ಎಲ್ಲಪ್ಪನವರ ಕೈ ಊರಿನವರ ಕೈಗಳಿಗಿಂತ ಉದ್ದ. ಮೊಳ ಗಿಡ್ಡವೆಂದು ಹೂವಾಡಗಿತ್ತಿಯರನ್ನು ಎಲ್ಲರೂ ಬೈಯುತ್ತಾರೆ. ನಮ್ಮ ಮುಳಬಾಗಿಲಿನ ಬೀದಿಯಲ್ಲಿ ಮೊಳ ಉದ್ದವೆಂದು ಬೈಸಿಕೊಂಡವರು ಇವರೊಬ್ಬರೇ. ಯುದ್ಧಕ್ಕೆ ಮುಂಚಿನ ಮಾತು. ಒಂದು ಹಬ್ಬದಲ್ಲಿ ಮನೆಗಳ ಸಾಲೇ ಸುಟ್ಟುಹೋದ ಮೇಲೆ ಮುನಿಸಿಪಾಲಿಟಿಯವರು ತಮಟೆ ಹೊಡೆಸಿ ಸಾರಿದ್ದರು: ಹುಲ್ಲಿನ ಸೂರಿನಿಂದ ಮೂರು ಮೊಳದೊಳಗೆ ಯಾರೂ ಹಬ್ಬದ ದೀಪ ಇಡಕೂಡದು. ಯಾರ ಕೈಯ ಮೊಳವೆಂದು ಹೇಳಿರಲಿಲ್ಲ. ಅಳೆಯುವ ಕೆಲಸ ಮುನಿಸಿಪಾಲಿಟಿಯ ದಫೇದಾರರಾದ ಎಲ್ಲಪ್ಪನವರದು, ಹಾಗಾಗಿ ಕೈಯೂ ಅವರದೇ ಆಯಿತು.

ದೀಪಾವಳಿಯ ಸಂಜೆ ಮನೆಮನೆಗೂ ಬಂದು ಸೂರಿನಂಚಿನಿಂದ ಗಾಳಿಯಲ್ಲೇ ಮೊಳ ಹಾಕುತ್ತಿದ್ದರು. ತಪ್ಪಿದ ದೀಪವನ್ನು ಆರಿಸುತ್ತಿರಲಿಲ್ಲ. ಹಬ್ಬದ ದೀಪ ಊದುವುದು ಅವರಿಂದಾಗದ ಕೆಲಸ. ಉರಿಯುವ ಹಣತೆಯನ್ನೇ ಅಂಗೈಯಲ್ಲಿಟ್ಟುಕೊಂಡು ಹೋಗಿ ಬೀದಿಯ ನಡುವೆ ಇಟ್ಟುಬರುತ್ತಿದ್ದರು. ನಮ್ಮ ಜಗಲಿಗಳೆಲ್ಲ ಕತ್ತಲು, ನಟ್ಟನಡು ಬೀದಿಯಲ್ಲಿ ದೀಪದ ಸಾಲು. ಗಾಡಿಯವರು ಶಾಪ ಹಾಕುತ್ತ ಬೇರೆ ದಾರಿ ಹಿಡಿಯುತ್ತಿದ್ದರು. ಅಮ್ಮ ಜಗಳಕ್ಕೆ ನಿಂತರೆ, "ಬೆಂಕಿಗೆ ಹಬ್ಬ ಗೊತ್ತಾ ತಂಗ್ಯಮ್ಮಾ? ಅದಕ್ಕೆ ಹುಲ್ಲು ಗೊತ್ತು, ಅಷ್ಟೇ" ಎನ್ನುತ್ತಿದ್ದರು.

ಅವರ ಹುಲ್ಲಿನ ಮನೆ ಪಕ್ಕದ ಸಂದಿಯಲ್ಲಿತ್ತು. ಸೂರಿನಂಚಿನಿಂದ ಎದುರು ಗೋಡೆಗೆ ಅವರ ಕೈಯಲ್ಲಿ ಎರಡೂವರೆ ಮೊಳವಷ್ಟೆ, ಹಾಗಾಗಿ ವರ್ಷವರ್ಷವೂ ಆ ಮನೆಯ ಮುಂದೆ ದೀಪವಿಲ್ಲ. ಹೆಂಡತಿ ಮುನಿಯಮ್ಮ ಸಹಿಸಿಕೊಂಡಿದ್ದರು. ಗೌನಿಪಲ್ಲಿಯ ಅಳಿಯ ಮೊದಲ ದೀಪಾವಳಿಗೆ ಬರುವ ವರ್ಷ ಮಾತ್ರ ಹಟ ಹಿಡಿದರು.

"ಅಳಿಯ ಬರೋ ಹೊತ್ತಿಗೆ ಹೊಸ್ತಿಲು ಕತ್ತಲಾಗಿದ್ರೆ ನಾನು ಆರತಿ ತಟ್ಟೆ ಮುಟ್ಟಲ್ಲ."

ಅಮ್ಮ ನಡುವೆ ಬಾಯಿ ಹಾಕಿದಳು. "ನನ್ನ ಕೈಯಲ್ಲಿ ಅಳೀರಿ ಎಲ್ಲಪ್ಪಣ್ಣ. ಮೂರು ಮೊಳ ಆಗುತ್ತೆ, ಗೋಡೆ ಪಕ್ಕದಲ್ಲಾದ್ರೂ ಇಡಬಹುದು."

"ಊರಿಗೆಲ್ಲ ನನ್ನ ಕೈ, ನನ್ನ ಮನೆಗೆ ನಿನ್ನ ಕೈನಾ? ಆಮೇಲೆ ಯಾರ ಮನೆ ಮುಂದೆ ಹೋಗಿ ನಿಂತ್ಕೊಳ್ಲಿ?"

ಹೀಗೆಂದವರೇ ಏಣಿ ತಂದು ಹತ್ತಿದರು. ಬಾಗಿಲ ಮೇಲಿನ ಹುಲ್ಲನ್ನು ಬಾಚಿಬಾಚಿ ಕಿತ್ತೆಸೆದರು. ಇಳಿದು ಬಂದು, ಉಳಿದ ಹುಲ್ಲಿನಿಂದ ಹೊಸ್ತಿಲಿಗೆ ಮೂರು ಮೊಳ ಅಳೆದು, ಎರಡು ಹಣತೆ ಇಟ್ಟರು. ಮುನಿಯಮ್ಮ ದೀಪ ನೋಡಲಿಲ್ಲ. ಮೇಲೆ ಕಾಣುತ್ತಿದ್ದ ಆಕಾಶವನ್ನು ನೋಡುತ್ತ ನಿಂತರು.

ಹೊಸ ಹುಲ್ಲು ಸಿಗುವ ಮೊದಲೇ ಜಡಿಮಳೆ ಹಿಡಿಯಿತು. ಅಮ್ಮ ಕೊಟ್ಟ ಗೋಣಿಚೀಲಗಳನ್ನು ತೆಗೆದುಕೊಂಡು ಹೋದೆ. ಒಣಗಿದ್ದ ಒಂದೇ ಮೂಲೆಯಲ್ಲಿ ರಾಗಿ ಮೂಟೆ ಕೂತಿತ್ತು. ಎಲ್ಲಪ್ಪನವರು ಬಾಗಿಲ ಬಳಿ ಕೆಮ್ಮುತ್ತ ಕೂತಿದ್ದರು, ಮುನಿಯಮ್ಮ ಅವರ ತಲೆಯ ಮೇಲೆ ಮೊರ ಹಿಡಿದು, "ರೂಲಂಟ, ರೂಲು!" ರೂಲಂತೆ ರೂಲು, ಎಂದು ತೆಲುಗಿನಲ್ಲಿ ಬೈಯುತ್ತಿದ್ದರು.

"ಅಳಿಯ ಏನಂದ ಗೊತ್ತಾ ತಾಯಿ?" ಎಂದರು ಎಲ್ಲಪ್ಪನವರು ನನಗೆ. "ಸಂದಿ ತಿರುಗ್ತಿದ್ದಂಗೇ ನಿಮ್ಮ ಹೊಸ್ತಿಲು ಕಾಣಿಸ್ತು ಮಾವ, ಅಂದ."

ನನಗೆ ನಗು ಬಂದುಬಿಟ್ಟಿತು. ಆ ನಗುವಿಗೆ ಈಗಲೂ ನಾಚುತ್ತೇನೆ. ಆ ಕೆಮ್ಮು ಎದೆಗಿಳಿದು, ಕಾರ್ತಿಕ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಹೆಣವನ್ನು ಒಳಮನೆಯಲ್ಲಿ ಮಲಗಿಸಲು ಹೋದವರನ್ನು ಮುನಿಯಮ್ಮ ತಡೆದರು.

"ಬಾಗಿಲ ಹತ್ರಾನೇ ಮಲಗಿಸ್ರಪ್ಪ, ಹುಲ್ಲಿಲ್ಲದ ಕಡೆ. ತಲೆ ಹತ್ರ ದೀಪ ಇಡ್ಬೇಕಲ್ಲ. ಒಳಗಿಟ್ರೆ ಅವ್ರು ಒಪ್ಪಲ್ಲ."