ಇಪ್ಪತ್ತೈದು ದಾಟದ ಡ್ರೈವರ್

ನಾನು ಆಫೀಸಿಗೆ ಹೋಗುತ್ತಿದ್ದ ಸಿಟಿ ಬಸ್ಸಿನ ಡ್ರೈವರ್ ಕೊಟ್ಟಾರ ಸ್ಟಾಪಿನಲ್ಲಿ ಬಸ್ಸನ್ನು ಪೂರ್ತಿ ನಿಲ್ಲಿಸಿದ್ದನ್ನು ನಾನು ಕಂಡದ್ದಿಲ್ಲ. ನಾವು ಓಡಿಯೇ ಹತ್ತಬೇಕು. ಗೊಣಗಿದರೆ ಕೈ ಬೀಸಿ, "ಟೈಮ್ ಇಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಹಾರ್ಟಿನ ತೊಂದರೆಯಿಂದ ಅವರ ಲೈಸೆನ್ಸ್ ರಿನ್ಯೂ ಆಗಲಿಲ್ಲ. ಎಲೆಕ್ಟ್ರಿಕ್ ಸೈಕಲ್ ಕೊಂಡರು. ವೇಗ ತಡೆಯುವ ಒಂದು ವಯರ್ ತೆಗೆದರೆ ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಓಡುತ್ತದೆ ಎಂದು, ಆ ದಿನ ಜೊತೆಗೆ ಹೋಗಿದ್ದ ನನ್ನೆದುರೇ ಅಂಗಡಿಯವನು ಆಸೆ ಹುಟ್ಟಿಸಿದ. ಅವರು ಹ್ಯಾಂಡಲ್ ಸವರುತ್ತ, "ಬೇಡ. ಇಪ್ಪತ್ತೈದು ದಾಟಿದ್ರೆ ಇದಕ್ಕೂ ಲೈಸೆನ್ಸ್ ಬೇಕು. ಉಳಿದ ರಸ್ತೆಯನ್ನೂ ಕಳ್ಕೊಳ್ಳುವುದು ಎಂತಕ್ಕೆ?" ಎಂದರು.

ಮೊನ್ನೆ ನಾನು ಅದೇ ಬಸ್ಸಿನ ಹಿಂದೆ ಓಡುತ್ತಿದ್ದೆ. ಮುಂದೆ ಸೈಕಲ್ ನಿಲ್ಲಿಸಿಕೊಂಡಿದ್ದ ಅವರು ನನ್ನನ್ನು ನೋಡಿ ಬಸ್ಸಿಗೆ ಕೈ ಅಡ್ಡ ಹಿಡಿದರು. ಹೊಸ ಡ್ರೈವರ್ ಬ್ರೇಕ್ ಹಾಕಿದ. ಏದುಸಿರು ಬಿಡುತ್ತ ಬಂದ ನನಗೆ ಅವರು ಹೇಳಿದರು: "ಟೈಮ್ ಉಂಟು ಮಾರಾಯ್ರೆ, ನಿಧಾನ ಹತ್ತಿ."