ಹ್ಯಾಲೋವೀನ್ ಸಂಜೆ ಅವ್ವ ಹಂಚಿದ ಶೇಂಗಾ ಉಂಡಿ

ಮನೆ ಬಾಗಿಲಿಗೆ ಬಂದು ಹೋದ ದೆವ್ವಗಳ ಬೆನ್ನು ಹತ್ತಿ, "ಕೊಟ್ಟ ಸಿಹಿ ವಾಪಸ್ ಕೊಡ್ರಪ್ಪಾ" ಎಂದು ನೀವು ಯಾವತ್ತಾದರೂ ಬೇಡಿಕೊಂಡಿದ್ದೀರಾ? ನಾನು ಬೇಡಿಕೊಂಡೆ. ಕಳೆದ ವಾರ, ಅಕ್ಟೋಬರ್ ಮೂವತ್ತೊಂದರ ಸಂಜೆ, ಇಂಗ್ಲಿಷರ ನಾಡಿನ ಪಿನ್ನರ್ ಎಂಬ ಊರಿನ ನಮ್ಮದೇ ಬೀದಿಯಲ್ಲಿ, ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು.

ಅಂದು ಸರ್ಜರಿ ಮುಗಿಸಿ (ಇಲ್ಲಿ ಜಿಪಿಗಳ, ಅಂದರೆ ನನ್ನಂಥ ಕುಟುಂಬ ವೈದ್ಯರ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ, ನಾನು ಯಾರ ಹೊಟ್ಟೆಯನ್ನೂ ಕುಯ್ಯುವುದಿಲ್ಲ) ಎರಡು ಹೋಮ್ ವಿಸಿಟ್ ಮಾಡಿ ಮನೆಗೆ ಬಂದಾಗ ಆರೂಕಾಲು. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಆಗಿತ್ತಲ್ಲ, ಆಗಲೇ ಕತ್ತಲು. ಹೆಂಡತಿ ಆಸ್ಪತ್ರೆ ಡ್ಯೂಟಿಯಲ್ಲಿದ್ದಳು. ಹನ್ನೆರಡು ವರ್ಷದ ಮಗಳು ಅನು ಮಾಟಗಾತಿಯ ವೇಷ ಹಾಕಿ ಗೆಳತಿಯರ ಜೊತೆ ಮನೆಮನೆಗೆ ಸಿಹಿ ಕೇಳಲು ಹೋಗಿದ್ದಳು. ಮನೆಯಲ್ಲಿದ್ದವಳು ಧಾರವಾಡದಿಂದ ತಿಂಗಳ ಹಿಂದಷ್ಟೇ ಬಂದ ನಮ್ಮವ್ವ ಒಬ್ಬಳೇ.

ಬಾಗಿಲ ಪಕ್ಕ ಒಂದು ಬಟ್ಟಲು ಚಾಕೊಲೇಟ್. ಅನು ಇಟ್ಟು ಹೋದದ್ದು. "ಅಜ್ಜಿ, ಈಚ್ ಕಿಡ್ ಎರಡು, ಓಕೆ?" ಎಂದು ಹೇಳಿಯೂ ಹೋಗಿದ್ದಳಂತೆ. ಬಟ್ಟಲಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

"ಹುಡುಗೂರು ಯಾರೂ ಬರಲಿಲ್ಲೇನವ್ವಾ?" ಎಂದೆ.

"ಯಾಕ ಬರಲಿಲ್ಲ? ಹಿಂಡ ಹಿಂಡ ಬಂದ್ವು. ಹಬ್ಬದ ದಿನ ಮನಿಗೆ ಬಂದ ಕೂಸುಗಳಿಗೆ ಅಂಗಡಿ ಪುಡಿಕಿ ಕೊಡತಾರೇನೋ? ಮುಂಜಾನೆನ ಶೇಂಗಾ ಉಂಡಿ ಕಟ್ಟಿಟ್ಟಿದ್ದೆ. ಒಂದೊಂದು ಬೆಳ್ಳಿ ಕಾಗದದಾಗ ಸುತ್ತಿ ಕೊಟ್ಟು ಕಳಿಸಿದೆ."

ನಾಲ್ಕು ಮನೆ ಆಚೆ ಎಮ್ಮಾ ಎಂಬ ಏಳು ವರ್ಷದ ಹುಡುಗಿಯಿದ್ದಾಳೆ. ಅವಳಿಗೆ ಶೇಂಗಾ ಅಂದರೆ ವಿಷ. ಒಂದು ಚೂರು ಬಾಯಿಗೆ ಹೋದರೂ ಗಂಟಲು ಬಾತು ಉಸಿರು ನಿಲ್ಲಬಹುದು. ಹೋದ ವರ್ಷ ಟೀಗೆ ಬಂದಾಗ ಅವಳ ತಾಯಿ ಜೂಲಿ ಇದನ್ನು ನನಗೆ ಎರಡು ಸಲ ಹೇಳಿದ್ದಳು. (ಎಮ್ಮಾ ನನ್ನ ಪೇಶಂಟ್ ಅಲ್ಲ. ಆದರೂ ಜೂಲಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

"ಅವ್ವಾ, ಕೆಂಪು ಕೂದಲಿನ ಸಣ್ಣ ಹುಡುಗಿ ಬಂದಿತ್ತೇನು?"

"ಎಲ್ಲಾವೂ ಮಾರಿಗೆ ಬಣ್ಣ ಬಳಕೊಂಡು ಬಂದಿದ್ವು. ಕೂದಲಾ ಯಾರು ನೋಡ್ಯಾರ? ಯಾಕೋ, ಏನಾತು?"

ಬ್ಯಾಗಿನಲ್ಲಿ ಇಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಇದೆ ಎಂದು ಖಾತ್ರಿ ಮಾಡಿಕೊಂಡು ಓಡಿದೆ.

ನಾನು ಓಡುತ್ತಿರಲಿ. ಅಷ್ಟರಲ್ಲಿ ಅವ್ವನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ತಪ್ಪು ಅವಳದಲ್ಲ. ಅರ್ಧ ನನ್ನದು, ಉಳಿದರ್ಧ ಪಕ್ಕದ ಮನೆಯ ಪೆಗ್ ಅಜ್ಜಿಯದು.

ಪೆಗ್ ಐರ್ಲೆಂಡಿನವಳು, ಎಂಬತ್ತರ ಆಸುಪಾಸು. ಭಾನುವಾರ ಟೀಗೆ ಬಂದಿದ್ದಳು. ಬೀದಿಯಲ್ಲಿ ಮನೆಮನೆಗೂ ಹಲ್ಲು ಕಿರಿದ ಕುಂಬಳಕಾಯಿ ಇಟ್ಟದ್ದನ್ನು ನೋಡಿ ಅವ್ವನಿಗೆ ಸೋಜಿಗ. ನಾವು ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತೇವೆ, ಇವರು ಅದಕ್ಕೆ ಮೂಗು ಬಾಯಿ ಕೊರೆದು ದೀಪ ಹಚ್ಚುತ್ತಾರೆ. (ಅನು ಕೊರೆದು ಬಿಸಾಡಲಿದ್ದ ತಿರುಳನ್ನು ಅವ್ವ ಪಲ್ಯ ಮಾಡಿದ್ದಳು. ಚೆನ್ನಾಗಿತ್ತು.) ಇದೇನು ಹಬ್ಬ ಎಂದು ಕೇಳಿದಳು. ಪೆಗ್ ಹೇಳಿದಳು, ಅನು ತನಗೆ ಬಂದಷ್ಟು ಕನ್ನಡದಲ್ಲಿ ದಾಟಿಸಿದಳು.

ನಾನೂ ಅಲ್ಲಿಯವರೆಗೆ ಹ್ಯಾಲೋವೀನ್ ಅಂದರೆ ಅಮೆರಿಕದವರ ಅಂಗಡಿ ಹಬ್ಬ ಎಂದೇ ತಿಳಿದಿದ್ದೆ. ತೊಂಬತ್ತರ ದಶಕದ ಮೊದಲಲ್ಲಿ ನಾನು ಈ ದೇಶಕ್ಕೆ ಬಂದಾಗ ಅದರ ಸದ್ದು ಅಷ್ಟಾಗಿ ಇರಲಿಲ್ಲ. ಹಿಂದೊಮ್ಮೆ ರಾಜನನ್ನು ಕೊಲ್ಲುವ ಸಂಚು ಮುರಿದ ನೆನಪಿಗೆ ಹೊಡೆಯುವ ನವೆಂಬರ್ ಐದರ ಪಟಾಕಿಯದೇ ಜೋರು. ಈಗ ನೋಡಿ, ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಇಡೀ ಸಾಲು ಪ್ಲಾಸ್ಟಿಕ್ ಅಸ್ಥಿಪಂಜರ! ಆದರೆ ಪೆಗ್ ಪ್ರಕಾರ ಇದು ಅವಳ ಪೂರ್ವಿಕರ ಸ್ವಂತ ಸೊತ್ತು. ಎರಡು ಸಾವಿರ ವರ್ಷಗಳ ಹಿಂದೆ ಈ ದ್ವೀಪಗಳಲ್ಲಿದ್ದ ಕೆಲ್ಟ್ ಜನರಿಗೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ದಿನವೇ ಹೊಸ ವರ್ಷ. ಅದಕ್ಕೆ ಸೌವಿನ್ ಎಂದು ಹೆಸರು. ಹಿಂದಿನ ಸಂಜೆ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ಬಾಗಿಲು ತೆರೆಯುತ್ತದೆ ಎಂದು ನಂಬಿಕೆ. ಬೆಂಕಿ ಹಾಕುತ್ತಿದ್ದರು. ದುಷ್ಟಶಕ್ತಿಗಳು ಗುರುತು ಹಿಡಿಯದಿರಲಿ ಎಂದು ವೇಷ ಹಾಕುತ್ತಿದ್ದರು. ಆಮೇಲೆ ಚರ್ಚು ಬಂತು, ಆ ದಿನವನ್ನು ಸಂತರ ದಿನ ಎಂದು ಕರೆದು ತನ್ನದಾಗಿಸಿಕೊಂಡಿತು. ಬಡವರು ಮನೆಮನೆಗೆ ಹೋಗಿ ಸತ್ತವರ ಹೆಸರಲ್ಲಿ ಪ್ರಾರ್ಥನೆ ಮಾಡಿ ತಿಂಡಿ ಪಡೆಯುತ್ತಿದ್ದರು. ಕೊರೆಯುತ್ತಿದ್ದದ್ದೂ ಕುಂಬಳಕಾಯಿಯನ್ನಲ್ಲ, ಟರ್ನಿಪ್ ಗಡ್ಡೆಯನ್ನು. ಐರಿಶ್ ಜನ ಅಮೆರಿಕಕ್ಕೆ ವಲಸೆ ಹೋದಾಗ ಹಬ್ಬವೂ ಹಡಗು ಹತ್ತಿತು, ಅಲ್ಲಿ ಕುಂಬಳಕಾಯಿ ಸಿಕ್ಕಿತು, ಈಗ ದೊಡ್ಡ ಮೈ ಮಾಡಿಕೊಂಡು ತವರಿಗೆ ವಾಪಸ್ ಬಂದಿದೆ.

"ನಮ್ಮಮ್ಮ ಆ ದಿನ ಚಿಲಕ ಹಾಕುತ್ತಿರಲಿಲ್ಲ. ಒಲೆ ಪಕ್ಕ ಒಂದು ಖಾಲಿ ಕುರ್ಚಿ, ಒಂದು ತಟ್ಟೆ ಊಟ. ತೀರಿಹೋದ ನನ್ನ ಅಪ್ಪನಿಗೆ," ಎಂದಳು ಪೆಗ್.

ಅವ್ವನ ಕಣ್ಣು ಅರಳಿತು. "ಹಂಗಾರ ಇದು ನಮ್ಮ ಹಿರೇರ ಹಬ್ಬನ ಆತಲ್ಲೋ!"

ಅದು ಅವಳಿಗೆ ಯಾಕೆ ಅಷ್ಟು ತಾಗಿತು ಎಂದು ನನಗೆ ಗೊತ್ತು. ಅಪ್ಪ ತೀರಿಕೊಂಡು ಎರಡು ವರ್ಷ. ಅವ್ವ ಇಲ್ಲಿಗೆ ಬಂದ ವಾರದಲ್ಲೇ ಮಹಾಲಯ ಅಮಾವಾಸ್ಯೆ ಬಂತು. ನಾನು ಆನ್-ಕಾಲ್ ಡ್ಯೂಟಿಯಲ್ಲಿದ್ದೆ. ಅಪ್ಪನ ಫೋಟೋಕ್ಕೆ ಒಂದು ಹೂವು, ಅಲ್ಲಿಗೆ ಮುಗಿಸಿದೆವು. ಅಪ್ಪನಿಗೆ ಪಂಚಪ್ರಾಣವಾಗಿದ್ದ ತಿಂಡಿ ಶೇಂಗಾ ಉಂಡಿ. ಸತ್ತವರ ಹೆಸರಲ್ಲಿ ಕೇಳಿಕೊಂಡು ಬರುವ ಮಕ್ಕಳಿಗೆ ಅವಳು ಬೇರೇನು ಕೊಡಬೇಕಿತ್ತು?

ಈಗ ಬೀದಿಗೆ ಬನ್ನಿ. ಜೂಲಿಯ ಮನೆಗೆ ಬೀಗ, ದೀಪವಿಲ್ಲ. ತಾಯಿ ಮಗಳು ಸುತ್ತಾಟಕ್ಕೆ ಹೋಗಿದ್ದಾರೆ. ಅವಳ ಮೊಬೈಲ್ ನಂಬರು ನನ್ನಲ್ಲಿಲ್ಲ. ಎದುರಿಗೆ ಬಂದ ದೆವ್ವಗಳನ್ನೆಲ್ಲ ತಡೆದು "ಬೆಳ್ಳಿ ಕಾಗದದ ಉಂಡೆ ಇದ್ದರೆ ಕೊಡಿ, ಅದರಲ್ಲಿ ಪೀನಟ್ ಇದೆ" ಎಂದೆ. ಕೆಲವರು ಕೊಟ್ಟರು. ಒಬ್ಬ ಡ್ರಾಕುಲಾ ಆಗಲೇ ತಿಂದಾಗಿತ್ತು. ಅವನಿಗೇನೂ ಆಗಿರಲಿಲ್ಲ, ಇನ್ನೊಂದು ಇದೆಯಾ ಎಂದು ಕೇಳಿದ.

ಒಂದು ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ಗಂಡಸು ನನ್ನ ಕೆದರಿದ ಕೂದಲು, ಸ್ಟೆತಾಸ್ಕೋಪ್, ಕಪ್ಪು ಬ್ಯಾಗು ಎಲ್ಲವನ್ನೂ ನೋಡಿ "ಬ್ರಿಲಿಯಂಟ್ ಕಾಸ್ಟ್ಯೂಮ್, ಮೇಟ್!" ಎಂದು ಎರಡು ಟಾಫಿ ಕೊಟ್ಟ.

"ನಾನು ನಿಜವಾದ ಡಾಕ್ಟರು," ಎಂದೆ.

"ಆಫ್ ಕೋರ್ಸ್ ಯು ಆರ್," ಎಂದು ಕಣ್ಣು ಮಿಟುಕಿಸಿದ.

ಪೆಗ್ ತನ್ನ ಗೇಟಿನಲ್ಲಿ ನಿಂತು ಉಂಡಿ ಮೆಲ್ಲುತ್ತಿದ್ದಳು. ವಿಷಯ ಕೇಳಿ ಹೇಳಿದಳು, "ನಮ್ಮ ಕಾಲದಲ್ಲಿ ಮನೆಮನೆಗೆ ಹೋದರೆ ಸಿಗುತ್ತಿದ್ದದ್ದೇ ಸೇಬು ಮತ್ತು ನಟ್ಸ್, ಡಾಕ್ಟರ್. ಈಗ ಅದಕ್ಕೂ ಹೆದರಬೇಕಾ?" ಹೌದು ಪೆಗ್, ಹೆದರಬೇಕು.

ಬೀದಿಯ ತಿರುವಿನಲ್ಲಿ, ದೀಪದ ಕಂಬದ ಕೆಳಗೆ, ಪುಟ್ಟ ಅಸ್ಥಿಪಂಜರವೊಂದು ತಾಯಿಯ ಕೈಹಿಡಿದು ಬರುತ್ತಿತ್ತು. ಟೊಪ್ಪಿಗೆಯ ಅಂಚಿನಲ್ಲಿ ಕೆಂಪು ಕೂದಲು.

"ಎಮ್ಮಾ, ನಮ್ಮನೇಲಿ ಕೊಟ್ಟದ್ದನ್ನ ತಿಂದೆಯಾ?" ಅಡ್ಡ ನಿಂತು ಕೇಳಿದೆ.

"ಇಲ್ಲ. ಅದಕ್ಕೆ ಲೇಬಲ್ ಇರಲಿಲ್ಲ. ಲೇಬಲ್ ಇಲ್ಲದ್ದು ಅಮ್ಮನ ಜೇಬಿಗೆ," ಎಂದಿತು ಮಗು. "ಆದರೆ ಥ್ಯಾಂಕ್ಯೂ ಹೇಳಿದೆ. ಅಜ್ಜಿಗೆ ಬೇಜಾರಾಗಬಾರದಲ್ಲ?"

ಜೂಲಿ ಕೋಟಿನ ಜೇಬಿನಿಂದ ಉಂಡಿ ತೆಗೆದು ತೋರಿಸಿದಳು, ಸುತ್ತಿದ ಕಾಗದ ಬಿಚ್ಚಿರಲೇ ಇಲ್ಲ. ಮನೆಗೆ ಹೋಗಿ ಟೇಬಲ್ ಮೇಲೆ ಸುರಿದು ಒಂದೊಂದೇ ಓದುವವರೆಗೆ ಏನೂ ಬಾಯಿಗೆ ಹೋಗುವಂತಿಲ್ಲ, ಅದು ಅವರ ಮನೆಯ ಕಾನೂನು. ನಾನು ಯಾರದೋ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಕೂತೆ. ಅಷ್ಟು ಹಗುರಾದದ್ದು ಇತ್ತೀಚೆಗೆ ನೆನಪಿಲ್ಲ. ನಕ್ಕೆ, ಕಣ್ಣಲ್ಲಿ ನೀರೂ ಬಂತು. ಎಮ್ಮಾ ಗಾಬರಿಯಾಗಿ ತನ್ನ ಬಕೆಟ್ಟಿನಿಂದ ಒಂದು ಲಾಲಿಪಾಪ್ ಕೊಟ್ಟಳು.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅನು ವಾಪಸ್ ಬಂದು ಎಮ್ಮಾಳ ಶೇಂಗಾ ವಿಷಯ ಹೇಳಿದ್ದಳು.

"ಕೂಸಿಗೆ ಏನೂ ಆಗಿಲ್ಲಲ್ಲೋ?"

"ಏನೂ ಆಗಿಲ್ಲವ್ವಾ."

ಅಪ್ಪನ ಫೋಟೋದ ಕಡೆ ತಿರುಗಿ ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆ ಕೂಸಿಗೆ ಶೇಂಗಾ ಆಗಂಗಿಲ್ಲ ಅಂತ ನನಗ್ಯಾಕ ಮೊದಲ ಹೇಳಲಿಲ್ಲ ನೀ?"

ನನ್ನ ಸರ್ಜರಿಯ ಗೋಡೆಯ ಮೇಲೆ ಅಲರ್ಜಿಯ ಪೋಸ್ಟರ್ ಇದೆ, ಅಂಟಿಸಿದವನು ನಾನೇ. ಊರ ತಾಯಂದಿರಿಗೆಲ್ಲ ಪಾಠ ಹೇಳುವವನು ನನ್ನ ಅಡಿಗೆಮನೆಗೆ ಒಂದು ಮಾತು ಹೇಳಿರಲಿಲ್ಲ. ಬೈಸಿಕೊಂಡೆ.

ಶನಿವಾರ ಅವ್ವ ರೇನರ್ಸ್ ಲೇನ್‌ನ ಭಾರತೀಯ ಅಂಗಡಿಯಿಂದ ಹೊಸ ಪ್ಯಾಕೆಟ್ ಚುರುಮುರಿ (ಅದೇ, ಮಂಡಕ್ಕಿ), ಬೆಲ್ಲ ತರಿಸಿದಳು. ಶೇಂಗಾ ತಾಗಿದ ನಮ್ಮ ಪಾತ್ರೆಯ ಸಹವಾಸವೇ ಬೇಡವೆಂದು ಜೂಲಿಯ ಮನೆಗೇ ಹೋದಳು. ಜೂಲಿ ಲೇಬಲ್ ಓದಿದಳು, ಅವ್ವ ಪಾಕ ನೋಡಿದಳು. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಆದರೂ ಮೂರು ಗಂಟೆ ಮಾತಾಡಿದರಂತೆ. ಎಮ್ಮಾ ನಾಲ್ಕು ಚುರುಮುರಿ ಉಂಡಿ ತಿಂದಳು. ಮೊದಲನೆಯದನ್ನು ಅವಳ ಕೈಗೆ ಇಡುವಾಗ ಅವ್ವ ಅಪ್ಪನ ಹೆಸರು ಹೇಳಿದ್ದು ಜೊತೆಗೆ ಹೋಗಿದ್ದ ಅನುವಿಗೆ ಮಾತ್ರ ಕೇಳಿಸಿತು.

ತೀರಿಹೋದವರಿಗೆ ಏನು ಇಷ್ಟವಿತ್ತು ಎಂಬುದು ನಮಗೆಲ್ಲ ಬಾಯಿಪಾಠ, ಬಾಗಿಲಲ್ಲಿ ನಿಂತ ಮಗುವಿಗೆ ಏನು ತಿಂದರೆ ಆಗುವುದಿಲ್ಲ ಎಂದು ಕೇಳುವವರು ಎಷ್ಟು ಮಂದಿ?